ಸೋತವರಿಗೇ ಮೊದಲ ಸರದಿ: ಬೇಸ್‌ಬಾಲ್ ಡ್ರಾಫ್ಟ್ ತಂಡಗಳನ್ನು ಸರಿಸಮ ಮಾಡುತ್ತಿದೆಯೇ?

ಸ್ಕೋರ್‌ಬುಕ್:

2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ 162 ಪಂದ್ಯಗಳಲ್ಲಿ 121ನ್ನು ಸೋತಿತು. 1900ರಿಂದ ಈಚೆಗೆ ಒಂದೇ ಸೀಸನ್‌ನಲ್ಲಿ ಇಷ್ಟು ಸೋತ ಮೇಜರ್ ಲೀಗ್ (ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್) ತಂಡ ಇನ್ನೊಂದಿಲ್ಲ. ಹಳೆಯ ನಿಯಮವಿದ್ದಿದ್ದರೆ 2025ರ ಡ್ರಾಫ್ಟ್‌ನ ಮೊದಲ ಆಯ್ಕೆ ಮರುಮಾತಿಲ್ಲದೆ ಅವರದಾಗುತ್ತಿತ್ತು. ಸಿಕ್ಕಿದ್ದು ಹತ್ತನೆಯದು. ಮೊದಲನೆಯದು ಹೋದದ್ದು ವಾಷಿಂಗ್ಟನ್ ನ್ಯಾಷನಲ್ಸ್‌ಗೆ, ಅವರಿಗೆ ಲಾಟರಿ ಹೊಡೆಯುವ ಸಾಧ್ಯತೆ ಇದ್ದದ್ದು ಶೇ 10ರಷ್ಟು ಮಾತ್ರ.

ಡ್ರಾಫ್ಟ್ ಎಂದರೇನು ಎಂದು ಹೊಸಬರಿಗಾಗಿ ಎರಡು ಮಾತು. ಅಮೆರಿಕ, ಕೆನಡಾ ಮತ್ತು ಪೋರ್ಟೊರಿಕೊದ ಹೈಸ್ಕೂಲು, ಕಾಲೇಜು ಹುಡುಗರನ್ನು 30 ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಈಗ 20 ಸುತ್ತು. ಒಂದು ತಂಡ ಹೆಸರು ಕೂಗಿದ ಮೇಲೆ ಆ ಹುಡುಗನೊಂದಿಗೆ ಬೇರೆ ಯಾವ ತಂಡವೂ ವ್ಯವಹಾರ ಮಾಡುವಂತಿಲ್ಲ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ ಎಂಬುದು ಮೂಲ ನಿಯಮ. 2023ರ ಡ್ರಾಫ್ಟ್‌ನಿಂದ ಮೊದಲ ಆರು ಸ್ಥಾನಗಳಿಗೆ ಲಾಟರಿ ಬಂದಿದೆ. ತೀರಾ ಕೆಳಗಿನ ಮೂರು ತಂಡಗಳಿಗೆ ಸಮಾನವಾಗಿ ತಲಾ ಶೇ 16.5 ಅವಕಾಶ. ಜೊತೆಗೆ ಇನ್ನೊಂದು ಕಟ್ಟಳೆ: ಆದಾಯ ಹಂಚಿಕೆಯಲ್ಲಿ ಹಣ ಕೊಡುವ ದೊಡ್ಡ ಊರಿನ ತಂಡ ಎರಡು ವರ್ಷ ಸತತವಾಗಿ, ಹಣ ಪಡೆಯುವ ಸಣ್ಣ ಊರಿನ ತಂಡ ಮೂರು ವರ್ಷ ಸತತವಾಗಿ ಲಾಟರಿಯಲ್ಲಿ ಸ್ಥಾನ ಪಡೆಯುವಂತಿಲ್ಲ. ಹಾಗೆ ಹೊರಗುಳಿದ ತಂಡಕ್ಕೆ ಹತ್ತನೆಯದಕ್ಕಿಂತ ಮೇಲಿನ ಸರದಿ ಇಲ್ಲ. ವೈಟ್ ಸಾಕ್ಸ್ ಸಿಕ್ಕಿಬಿದ್ದದ್ದು ಇಲ್ಲೇ. 2024ರಲ್ಲಿ ಲಾಟರಿಯಿಂದ ಐದನೆಯ ಆಯ್ಕೆ ಪಡೆದಿದ್ದರು.

ನನ್ನ ವಾದ ಇಷ್ಟೆ. ಸರದಿಯ ಬಗ್ಗೆ ಎಲ್ಲರೂ ಜಗಳವಾಡುತ್ತಾರೆ, ಆದರೆ ತಂಡಗಳ ನಡುವಿನ ಅಂತರ ತಗ್ಗಿಸುವುದು ಸರದಿಯಲ್ಲ. ಆರಿಸಿದ ಹುಡುಗ ಸುಮಾರು ಆರು ಸೀಸನ್ ಮಾರುಕಟ್ಟೆ ಬೆಲೆಯ ಸಣ್ಣ ಪಾಲಿಗೆ ಆಡಬೇಕೆಂಬ ವ್ಯವಸ್ಥೆ ಇದೆಯಲ್ಲ, ಅಸಲು ಸಂಗತಿ ಅದು. ನಿಮಗೇನನ್ನಿಸುತ್ತದೆ?

ಗ್ಯಾಲರಿ ಗಿರಾಕಿ:

ಐಪಿಎಲ್ ನೋಡಿ ಬೆಳೆದವನಾಗಿ ಕೇಳುತ್ತೇನೆ. ಎಲ್ಲ ತಂಡಕ್ಕೂ ಒಂದೇ ಮೊತ್ತದ ಥೈಲಿ ಕೊಟ್ಟು ಹರಾಜು ಹಾಕಿದರೆ ಮುಗಿಯಿತಲ್ಲ? ಲಾಟರಿ, ಹತ್ತನೆಯ ಸ್ಥಾನ, ಈ ರಗಳೆಯೆಲ್ಲ ಯಾಕೆ?

ಹಳೆ ಪುಟ:

ಗಿರಾಕಿಯವರೇ, ಐಪಿಎಲ್ ಕೂಡ ಡ್ರಾಫ್ಟ್ ಮಾಡಿದ್ದುಂಟು. 2008ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಹುಡುಗರನ್ನು ಹರಾಜಿಗೆ ಹಾಕಲಿಲ್ಲ, ಸರದಿಯ ಮೇಲೆ ಹಂಚಿದರು. ದೆಹಲಿ ತನ್ನದೇ ಊರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ತೆಗೆದುಕೊಂಡಿತು. ಕೊಹ್ಲಿ ಬೆಂಗಳೂರಿಗೆ ಬಂದರು. ಡ್ರಾಫ್ಟ್ ಎಂದರೆ ಏನೆಂದು ಆ ಒಂದು ಮಧ್ಯಾಹ್ನ ಹೇಳಿಬಿಡುತ್ತದೆ.

ಇನ್ನು ಬೇಸ್‌ಬಾಲ್. 1965ಕ್ಕೆ ಮುಂಚೆ ಡ್ರಾಫ್ಟ್ ಇರಲಿಲ್ಲ. ಹುಡುಗನ ಮನೆಗೆ ಹೋಗಿ ಯಾರು ಹೆಚ್ಚು ಹಣ ಎಣಿಸುತ್ತಾರೋ ಹುಡುಗ ಅವರವನು. ಇದನ್ನು ತಡೆಯಲು 1947ರಿಂದ ಒಂದು ವಿಚಿತ್ರ ನಿಯಮ ತಂದರು. ನಿಗದಿತ ಮೊತ್ತಕ್ಕಿಂತ ಹೆಚ್ಚು ಬೋನಸ್ ಕೊಟ್ಟರೆ ಆ ಹುಡುಗನನ್ನು ಮೈನರ್ ಲೀಗ್‌ಗೆ (ಹುಡುಗರು ಪಳಗುವ ಕೆಳಹಂತದ ಲೀಗ್) ಕಳಿಸುವಂತಿಲ್ಲ, ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕು. ಬ್ರೂಕ್ಲಿನ್ ಡಾಡ್ಜರ್ಸ್ ಸೇರಿದ ಸ್ಯಾಂಡಿ ಕೋಫಾಕ್ಸ್ ಹಾಗೆ ಬೆಂಚಿನ ಮೇಲೆ ಕುಳಿತು ಆಟ ಕಲಿಯಬೇಕಾಯಿತು. ಮುಂದೆ ಆತ ಎಂಥ ಪಿಚರ್ (ಚೆಂಡೆಸೆಯುವವ) ಆದ ಎಂಬುದು ಬೇರೆ ಮಾತು. ಮಾಲೀಕರು ಈ ನಿಯಮದ ಸಂದಿಗೊಂದಿಗಳನ್ನು ಬೇಗ ಹುಡುಕಿಕೊಂಡರು. 1964ರಲ್ಲಿ ಲಾಸ್ ಏಂಜಲಿಸ್ ಏಂಜಲ್ಸ್ ತಂಡ ರಿಕ್ ರೈಕಾರ್ಟ್ ಎಂಬ ಕಾಲೇಜು ಹುಡುಗನಿಗೆ 2 ಲಕ್ಷ ಡಾಲರ್ ದಾಟಿದ ಬೋನಸ್ ಕೊಟ್ಟಾಗ ಮಾಲೀಕರಿಗೇ ನಡುಕ ಹುಟ್ಟಿತು. ಮರುವರ್ಷ ಡ್ರಾಫ್ಟ್ ಬಂತು. ಮೊದಲ ಆಯ್ಕೆ ರಿಕ್ ಮಂಡೆ, ಆರಿಸಿದ್ದು ಕ್ಯಾನ್ಸಸ್ ಸಿಟಿ ಅಥ್ಲೆಟಿಕ್ಸ್.

ಈಗ ಒಂದು ದಂತಕಥೆಯನ್ನು ಒಡೆಯಬೇಕು. ನ್ಯೂಯಾರ್ಕ್ ಯಾಂಕೀಸ್ 1949ರಿಂದ 1964ರವರೆಗಿನ 16 ವರ್ಷಗಳಲ್ಲಿ 14 ಬಾರಿ ತಮ್ಮ ಲೀಗ್ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲೊಂದು) ಗೆದ್ದವರು. 1965ರಿಂದ 1975ರವರೆಗೆ ಒಂದೂ ಇಲ್ಲ. ‘ನೋಡಿ, ಡ್ರಾಫ್ಟ್ ಯಾಂಕೀಸ್‌ನ ಸೊಂಟ ಮುರಿಯಿತು’ ಎಂದು ಹೇಳುವವರು ಬಹಳ ಮಂದಿ. ಆದರೆ ಯಾಂಕೀಸ್ ತಮ್ಮ ಲೀಗಿನ ಕಟ್ಟಕಡೆಯ ಸ್ಥಾನಕ್ಕೆ ಕುಸಿದದ್ದು 1966ರಲ್ಲೇ. 1965ರ ಜೂನ್‌ನಲ್ಲಿ ಆರಿಸಿದ 18ರ ಹುಡುಗರು ಮುಂದಿನ ಬೇಸಿಗೆಯ ಹೊತ್ತಿಗೆ ಎಲ್ಲಿರುತ್ತಾರೆ? ಯಾವುದೋ ಸಣ್ಣ ಊರಿನ ಮೈನರ್ ಲೀಗ್ ಬಸ್ಸಿನಲ್ಲಿ. ಯಾಂಕೀಸ್ ಕುಸಿದದ್ದು ಅವರ ಹಳೆಯ ತಾರೆಯರಿಗೆ ವಯಸ್ಸಾಗಿ, ಅವರ ಮೈನರ್ ಲೀಗ್ ತಂಡಗಳು ಅದಕ್ಕೂ ಮೊದಲೇ ಬರಿದಾಗಿದ್ದರಿಂದ.

ಗ್ಯಾಲರಿ ಗಿರಾಕಿ:

ಹಳೆ ಪುಟದವರೇ, ಹಾಗಾದರೆ ಡ್ರಾಫ್ಟ್ ಹುಟ್ಟಿದ್ದು ಸಮತೋಲನಕ್ಕಲ್ಲ, ಬೋನಸ್ ಇಳಿಸುವುದಕ್ಕೆ ಎನ್ನುತ್ತೀರಾ?

ಹಳೆ ಪುಟ:

ಎರಡಕ್ಕೂ. ಭಾಷಣದಲ್ಲಿ ಮೊದಲನೆಯದು, ಖಾತೆಪುಸ್ತಕದಲ್ಲಿ ಎರಡನೆಯದು.

ಹ್ಯೂಸ್ಟನ್ ವಾಸಿ:

ಸೋಲಿನಿಂದ ಲಾಭ ಮಾಡಿಕೊಂಡ ತಂಡದ ಊರಿನಲ್ಲಿದ್ದವನು ನಾನು, ಆ ಕಥೆಯನ್ನು ನಾನೇ ಹೇಳಬೇಕು. ಆಸ್ಟ್ರೋಸ್ 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಪಂದ್ಯ ಸೋತಿತು. 2013ರ ಸೆಪ್ಟೆಂಬರ್‌ನ ಒಂದು ಪಂದ್ಯಕ್ಕೆ ಹ್ಯೂಸ್ಟನ್‌ನಲ್ಲಿ ಸಿಕ್ಕ ಟಿವಿ ರೇಟಿಂಗ್ 0.0. ಅಮೆರಿಕದ ನಾಲ್ಕನೆಯ ದೊಡ್ಡ ನಗರದಲ್ಲಿ ಎಣಿಕೆಗೆ ಸಿಗುವಷ್ಟು ಮನೆಗಳೂ ಆ ಆಟ ನೋಡುತ್ತಿರಲಿಲ್ಲ.

2012ರ ಡ್ರಾಫ್ಟ್‌ನಲ್ಲಿ ಅವರು ಮಾಡಿದ್ದನ್ನು ಗಮನಿಸಿ. ಮೊದಲ ಆಯ್ಕೆಗೆ ನಿಗದಿಯಾಗಿದ್ದ ಮೊತ್ತ 72 ಲಕ್ಷ ಡಾಲರ್. ಅವರು ಪೋರ್ಟೊರಿಕೊದ 17ರ ಹುಡುಗ ಕಾರ್ಲೋಸ್ ಕೊರಿಯಾನನ್ನು 48 ಲಕ್ಷಕ್ಕೆ ಒಪ್ಪಿಸಿದರು. ಉಳಿದ ಹಣದಲ್ಲಿ, ಬೋನಸ್ ಹೆಚ್ಚು ಕೇಳುತ್ತಾನೆಂಬ ಕಾರಣಕ್ಕೆ 41ನೆಯ ಸ್ಥಾನದವರೆಗೆ ಜಾರಿದ್ದ ಪಿಚರ್ ಲ್ಯಾನ್ಸ್ ಮೆಕಲರ್ಸ್‌ಗೆ 25 ಲಕ್ಷ ಕೊಟ್ಟರು. ಒಂದು ಸರದಿಯ ಹಣದಲ್ಲಿ ಇಬ್ಬರು ಮೊದಲ ಸುತ್ತಿನ ಆಟಗಾರರು. 2014ರಲ್ಲಿ ಮತ್ತೆ ಮೊದಲ ಆಯ್ಕೆ, ಬ್ರೇಡಿ ಏಕನ್. ವೈದ್ಯಕೀಯ ಪರೀಕ್ಷೆಯಲ್ಲಿ ಮೊಣಕೈಯ ವಿಷಯ ಬಂದು ಒಪ್ಪಂದ ಮುರಿದುಬಿತ್ತು. ಸಹಿ ಹಾಕಿಸಲಾಗದ ತಂಡಕ್ಕೆ ಮರುವರ್ಷ ಪರಿಹಾರವಾಗಿ ಒಂದು ಸ್ಥಾನ ಕೆಳಗಿನ ಆಯ್ಕೆ ಸಿಗುತ್ತದೆ. 2015ರ ಆ ಎರಡನೆಯ ಆಯ್ಕೆಯಲ್ಲಿ ಬಂದವನು ಅಲೆಕ್ಸ್ ಬ್ರೆಗ್ಮನ್. 2017ರಲ್ಲಿ ಬೇಸ್‌ಬಾಲ್‌ನ ಅಂತಿಮ ಪಟ್ಟವಾದ ವರ್ಲ್ಡ್ ಸೀರೀಸ್ ಗೆದ್ದೇಬಿಟ್ಟರು.

ಆ ಗೆಲುವಿಗೆ ಎದುರಾಳಿಗಳ ಗುಪ್ತ ಸನ್ನೆಗಳನ್ನು ಕದ್ದ ಮಸಿ ಮೆತ್ತಿಕೊಂಡಿತು, ಅದೂ ಸತ್ಯ. ಶಿಕ್ಷೆಯಾಗಿ 50 ಲಕ್ಷ ಡಾಲರ್ ದಂಡ ಹಾಕಿದರು, 2020 ಮತ್ತು 2021ರ ಮೊದಲೆರಡು ಸುತ್ತಿನ ಆಯ್ಕೆಗಳನ್ನು ಕಿತ್ತುಕೊಂಡರು. ತಂಡಕ್ಕೆ ಹೆಚ್ಚು ಉರಿದದ್ದು ಯಾವುದು ಎಂದು ಯಾರನ್ನಾದರೂ ಕೇಳಿ, ದಂಡ ಎನ್ನುವವರು ಸಿಗುವುದಿಲ್ಲ.

ಲೆಕ್ಕಪತ್ರ:

ಹ್ಯೂಸ್ಟನ್ ವಾಸಿಗಳು ಒಳ್ಳೆಯ ಉದಾಹರಣೆ ಕೊಟ್ಟರು, ಆದರೆ ಅರ್ಧ ಹೇಳಿದರು. ಆ ತಂಡದ ಜೀವಾಳ ಹೋಸೆ ಆಲ್ಟುವೆ ಡ್ರಾಫ್ಟ್ ಮೂಲಕ ಬಂದವನೇ ಅಲ್ಲ. ವೆನೆಜುವೆಲಾದಿಂದ 15,000 ಡಾಲರ್‌ಗೆ ಬಂದ ಕುಳ್ಳ ಹುಡುಗ. ಜಾರ್ಜ್ ಸ್ಪ್ರಿಂಗರ್ 2011ರ ಹನ್ನೊಂದನೆಯ ಆಯ್ಕೆ, ಡಲ್ಲಾಸ್ ಕೈಕಲ್ 2009ರ ಏಳನೆಯ ಸುತ್ತಿನವನು. ಜಸ್ಟಿನ್ ವರ್ಲ್ಯಾಂಡರ್ 2017ರ ಆಗಸ್ಟ್ ಕೊನೆಯ ದಿನ ಡೆಟ್ರಾಯಿಟ್‌ನಿಂದ ವಿನಿಮಯದಲ್ಲಿ ಬಂದವನು. 2013ರ ಮೊದಲ ಆಯ್ಕೆ ಮಾರ್ಕ್ ಅಪೆಲ್ ಹ್ಯೂಸ್ಟನ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ. ಅದೇ ವರ್ಷ ಎರಡನೆಯ ಆಯ್ಕೆಯಲ್ಲಿ ಶಿಕಾಗೊ ಕಬ್ಸ್ ಕ್ರಿಸ್ ಬ್ರಯಾಂಟ್‌ನನ್ನು ಪಡೆಯಿತು. ಮೂರು ವರ್ಷ ನರಳಿದ್ದಕ್ಕೆ ಸಿಕ್ಕ ದೊಡ್ಡ ಫಲ ಎಂದರೆ ಕೊರಿಯಾ, ಬ್ರೆಗ್ಮನ್ ಇಬ್ಬರೇ.

ನನಗೆ ಮುಖ್ಯವಾಗಿ ಕಾಣುವುದು 2012ರ ನಿಯಮ ಬದಲಾವಣೆ. ಅದಕ್ಕೆ ಮುಂಚೆ ಸರದಿ ಸೋತವರದಾಗಿತ್ತು, ಹಣ ಮಾತ್ರ ಮುಕ್ತ. 2004ರಲ್ಲಿ ಸ್ಯಾನ್ ಡಿಯೇಗೊ ಪಾಡ್ರೆಸ್‌ಗೆ ಮೊದಲ ಆಯ್ಕೆ ಇತ್ತು. ಬೋನಸ್ ಚೌಕಾಸಿಗೆ ಹೆದರಿ ಊರಿನದೇ ಹೈಸ್ಕೂಲಿನ ಮ್ಯಾಟ್ ಬುಷ್‌ನನ್ನು ಆರಿಸಿತು. ಎರಡನೆಯ ಆಯ್ಕೆಯಲ್ಲಿ ಡೆಟ್ರಾಯಿಟ್‌ಗೆ ಸಿಕ್ಕಿದವನೇ ಮೇಲೆ ಹೇಳಿದ ವರ್ಲ್ಯಾಂಡರ್. 2007ರಲ್ಲಿ ಅದೇ ಡೆಟ್ರಾಯಿಟ್, 27ನೆಯ ಸ್ಥಾನಕ್ಕೆ ಜಾರಿದ ರಿಕ್ ಪೋರ್ಸೆಲೊಗೆ 70 ಲಕ್ಷ ಡಾಲರ್ ದಾಟಿದ ಒಪ್ಪಂದ ಕೊಟ್ಟು ಎತ್ತಿಕೊಂಡಿತು. ಆಗ ‘ಸಹಿ ಹಾಕುತ್ತಾನೋ ಇಲ್ಲವೋ’ ಎಂಬ ಪ್ರಶ್ನೆಯೇ ಪ್ರತಿಭೆಗಿಂತ ದೊಡ್ಡದಾಗಿತ್ತು. 2009ರಲ್ಲಿ ಸ್ಟೀಫನ್ ಸ್ಟ್ರಾಸ್‌ಬರ್ಗ್ 1.51 ಕೋಟಿ ಡಾಲರ್ ಪಡೆದ ಮೇಲೆ ಮಾಲೀಕರು ಕೈಕಟ್ಟಿ ಕೂರಲಿಲ್ಲ.

2012ರಿಂದ ಮೊದಲ ಹತ್ತು ಸುತ್ತುಗಳ ಪ್ರತಿ ಸರದಿಗೂ ಒಂದು ಬೆಲೆ. ಆ ಬೆಲೆಗಳ ಮೊತ್ತವೇ ಆ ತಂಡದ ಥೈಲಿ. ಶೇ 5ರವರೆಗೆ ಮೀರಿದರೆ ಮೀರಿದ ಹಣಕ್ಕೆ ಶೇ 75 ತೆರಿಗೆ. ಅದಕ್ಕಿಂತ ಮೇಲೆ ಹೋದರೆ ಮುಂದಿನ ಮೊದಲ ಸುತ್ತಿನ ಆಯ್ಕೆಯೇ ಹೋಯಿತು. ತಂಡಗಳು ಆ ಗೆರೆಗೆ ಮೂಗು ತಾಗಿಸುತ್ತವೆ, ದಾಟುವುದಿಲ್ಲ. ಸಣ್ಣ ತಂಡಗಳಿಗೆ ಇದು ವರವೇ, ಒಳ್ಳೆಯ ಹುಡುಗ ಇನ್ನು ಅವರ ಕೈಯಿಂದ ಶ್ರೀಮಂತರ ಕಡೆಗೆ ಜಾರುವುದಿಲ್ಲ. ಆದರೆ ಇದೇ ನಿಯಮ ಕೊನೆಯ ಸ್ಥಾನದ ಬೆಲೆಯನ್ನೂ ಏರಿಸಿತು. ಮೊದಲು ಕೊನೆಯವನಿಗೆ ಸಿಗುತ್ತಿದ್ದದ್ದು ಮೊದಲ ಸರದಿ ಮಾತ್ರ. 2012ರ ನಂತರ ಮೊದಲ ಸರದಿಯ ಜೊತೆಗೆ ಎಲ್ಲರಿಗಿಂತ ದಪ್ಪ ಥೈಲಿ. ಸಮತೋಲನಕ್ಕೆಂದು ತಂದ ಬಿಗಿಯೇ ಬೇಕೆಂದು ಸೋಲುವುದನ್ನು ಲಾಭದ ಕಸುಬು ಮಾಡಿತು, ಹತ್ತು ವರ್ಷ ಕಳೆದ ಮೇಲೆ ಅದಕ್ಕೆ ಮದ್ದಾಗಿ ಲಾಟರಿ ಬಂತು.

ಶಾರ್ಟ್‌ಸ್ಟಾಪ್ ಅಕ್ಕ:

ಲೆಕ್ಕಪತ್ರದವರ ಕೊನೆಯ ಪ್ಯಾರಾ ಹೊಡೆತದ ಮಾತು. ಆದರೆ ಲಾಟರಿ ಮದ್ದಾಯಿತೇ? ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್ ಶೇ 2ರ ಅವಕಾಶದಲ್ಲಿ 2024ರ ಮೊದಲ ಆಯ್ಕೆ ಗೆದ್ದು ಆಸ್ಟ್ರೇಲಿಯಾದ ಟ್ರಾವಿಸ್ ಬಜಾನಾನನ್ನು ಆರಿಸಿತು. ಹಿಂದಿನ ವರ್ಷ 112 ಸೋತಿದ್ದ ಅಥ್ಲೆಟಿಕ್ಸ್‌ಗೆ ನಾಲ್ಕನೆಯದು. ಅಲ್ಲಿ ಸಿಕ್ಕ ನಿಕ್ ಕರ್ಟ್ಜ್ 2025ರಲ್ಲಿ ಅಮೆರಿಕನ್ ಲೀಗಿನ ಶ್ರೇಷ್ಠ ಹೊಸ ಆಟಗಾರ! ಅದೇ 2025ರಲ್ಲಿ 119 ಪಂದ್ಯ ಸೋತ ಕೊಲರಾಡೊ ರಾಕೀಸ್‌ಗೆ 2026ರ ಲಾಟರಿಗೆ ಪ್ರವೇಶವೇ ಇಲ್ಲ, ಎರಡು ವರ್ಷದ ಕೋಟಾ ಮುಗಿದಿತ್ತು. ವೈಟ್ ಸಾಕ್ಸ್ ಆಗಲಿ ರಾಕೀಸ್ ಆಗಲಿ ಡ್ರಾಫ್ಟ್ ಆಸೆಗೆ ಅಷ್ಟು ಸೋತದ್ದಲ್ಲ, ಕೆಟ್ಟ ಆಡಳಿತಕ್ಕೆ ಸೋತದ್ದು. ಬೇಕೆಂದು ಸೋತವನಿಗೂ ಕೈಲಾಗದೆ ಸೋತವನಿಗೂ ನಿಯಮ ಒಂದೇ ಬರೆ ಎಳೆಯುತ್ತಿದೆ.

ಸ್ಕೋರ್‌ಬುಕ್:

ಅಕ್ಕ, ಕೈಲಾಗದೆ ಸೋತವನನ್ನು ಗುರುತಿಸುವುದು ಹೇಗೆ? ಮಾಲೀಕನ ಮನಸ್ಸಿನೊಳಗೆ ಇಳಿದು ನೋಡಲು ಲೀಗ್‌ಗೆ ಆಗುವುದಿಲ್ಲ. ಕೊನೆಯ ಮೂರು ತಂಡಗಳಿಗೆ ಅವಕಾಶ ಸಮ ಮಾಡಿದ್ದರಿಂದ ಒಂದು ಲಾಭವಂತೂ ಇದೆ. 105 ಸೋತ ಮೇಲೆ ಇನ್ನೂ ಐದು ಸೋಲಬೇಕೆಂಬ ಹಸಿವು ಸತ್ತಿದೆ.

ನನ್ನ ಮೂಲ ವಾದಕ್ಕೆ ಬರುತ್ತೇನೆ. ಗೆರಿಟ್ ಕೋಲ್‌ನ ದಾರಿ ನೋಡಿ. 2008ರಲ್ಲಿ ಹೈಸ್ಕೂಲಿನಲ್ಲಿದ್ದಾಗ ಯಾಂಕೀಸ್ ಮೊದಲ ಸುತ್ತಿನಲ್ಲಿ ಆರಿಸಿತು. ಹುಡುಗನಿಗೆ ‘ಒಲ್ಲೆ’ ಎನ್ನುವ ಹಕ್ಕಿದೆ, ಒಲ್ಲೆನೆಂದು ಕಾಲೇಜಿಗೆ ಹೋದ. 2011ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಮೊದಲ ಆಯ್ಕೆ. ಪೈರೇಟ್ಸ್ 1993ರಿಂದ 2012ರವರೆಗೆ ಸತತ 20 ಸೀಸನ್ ಗೆಲುವಿಗಿಂತ ಸೋಲೇ ಹೆಚ್ಚು ಕಂಡ ತಂಡ. ಕೋಲ್ ಬಂದ 2013ರಲ್ಲಿ ಆ ಶನಿ ಬಿಟ್ಟಿತು, ಮೂರು ವರ್ಷ ಸತತ ಪೋಸ್ಟ್‌ಸೀಸನ್ (ಸೀಸನ್ ಮುಗಿದ ಮೇಲೆ ಪಟ್ಟಕ್ಕಾಗಿ ನಡೆಯುವ ಸುತ್ತುಗಳು) ಆಡಿದರು. ಡ್ರಾಫ್ಟ್ ಕೆಲಸ ಮಾಡಿತು, ಒಪ್ಪೋಣ. ಆಮೇಲೆ? ಸಂಬಳ ಏರುವ ಹೊತ್ತಿಗೆ, 2018ರ ಜನವರಿಯಲ್ಲಿ, ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟರು. 2019ರ ಕೊನೆಗೆ ಒಂಬತ್ತು ವರ್ಷಕ್ಕೆ 32.4 ಕೋಟಿ ಡಾಲರ್ ಕೊಟ್ಟು ಕರೆದುಕೊಂಡವರು ಅದೇ ಯಾಂಕೀಸ್. ಡ್ರಾಫ್ಟ್ ಸಣ್ಣ ಊರಿನ ತಂಡಕ್ಕೆ ಆಟಗಾರನನ್ನು ಕೊಡುವುದಿಲ್ಲ, ಪಕ್ಕದ ಮನೆಯವರು ಪಾತ್ರೆ ಕೊಟ್ಟ ಹಾಗೆ ಕಡ ಕೊಡುತ್ತದೆ.

ಕಡದ ಅವಧಿ ಎಳೆಯಲು ತಂಡಗಳು ಏನೆಲ್ಲ ಮಾಡುತ್ತವೆ! ಬ್ರಯಾಂಟ್‌ನನ್ನು ಕಬ್ಸ್ 2015ರ ಸೀಸನ್ ಆರಂಭಕ್ಕೆ ಕರೆಯದೆ ಏಪ್ರಿಲ್ 17ಕ್ಕೆ ಕರೆಯಿತು. ಒಂದು ಪೂರ್ಣ ವರ್ಷದ ಸೇವೆಗೆ 172 ದಿನ ಬೇಕು, ಅವನಿಗೆ ಸಿಕ್ಕಿದ್ದು 171. ಆ ಒಂದು ದಿನದಿಂದ ಅವನು ಫ್ರೀ ಏಜೆಂಟ್ (ಬೇಕಾದ ತಂಡ ಸೇರಬಲ್ಲವನು) ಆಗುವುದು ಇಡೀ ವರ್ಷ ಹಿಂದೆ ಸರಿಯಿತು. ದೂರು ಕೊಟ್ಟ, 2020ರಲ್ಲಿ ಸೋತ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2022ರ ಒಪ್ಪಂದದಲ್ಲಿ ಈ ತಂತ್ರಕ್ಕೆ ಬುದ್ಧಿವಂತಿಕೆಯ ಉತ್ತರವಿದೆ. ಭರವಸೆಯ ಹುಡುಗನನ್ನು ಮೊದಲ ದಿನದಿಂದಲೇ ಆಡಿಸಿ, ಅವನು ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದರೆ ತಂಡಕ್ಕೆ ಒಂದು ಹೆಚ್ಚುವರಿ ಡ್ರಾಫ್ಟ್ ಆಯ್ಕೆ. ಹೂಲಿಯೊ ರೊಡ್ರಿಗಸ್‌ನಿಂದ ಸಿಯಾಟಲ್‌ಗೆ ಅದು ಸಿಕ್ಕಿತು. ಡ್ರಾಫ್ಟ್ ನಿಯಮಗಳಲ್ಲಿ ನನಗೆ ಮನಸಾರೆ ಇಷ್ಟವಾದದ್ದು ಇದೊಂದೇ.

ಗ್ಯಾಲರಿ ಗಿರಾಕಿ:

ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬ ಬಂದರೆ ತಂಡದ ಹಣೆಬರಹ ಬದಲಾಗುತ್ತದೆ. ಇಲ್ಲಿ ಒಬ್ಬನಿಂದ ಏನಾಗುತ್ತದೆ?

ಹಳೆ ಪುಟ:

ಮೈಕ್ ಟ್ರೌಟ್‌ನನ್ನು ನೋಡಿ. 2009ರಲ್ಲಿ 25ನೆಯ ಆಯ್ಕೆ. ಅದು ಮೂಲದಲ್ಲಿ ಯಾಂಕೀಸ್ ಸ್ಥಾನ. ಫ್ರೀ ಏಜೆಂಟ್ ಮಾರ್ಕ್ ಟೆಶೇರಾನನ್ನು ಕರೆದುಕೊಂಡದ್ದಕ್ಕೆ ಪರಿಹಾರವಾಗಿ ಏಂಜಲ್ಸ್‌ಗೆ ಹೋಯಿತು. ಆ ಏಂಜಲ್ಸ್ ಕೂಡ 24ನೆಯ ಸರದಿಯಲ್ಲಿ ರ್‍ಯಾಂಡಲ್ ಗ್ರಿಚಕ್‌ನನ್ನು ಕೂಗಿ, ಆಮೇಲೆ ಟ್ರೌಟ್ ಎಂದವರು. ಆತ ಮೂರು ಬಾರಿ ಲೀಗಿನ ಅತ್ಯಮೂಲ್ಯ ಆಟಗಾರನಾದ. ಆದರೂ ಅವನು ಆಡಿದ ಪೋಸ್ಟ್‌ಸೀಸನ್ ಒಂದೇ, 2014ರಲ್ಲಿ, ಮೂರಕ್ಕೆ ಮೂರೂ ಸೋಲು. ಜಪಾನಿನ ತಾರೆ ಶೊಹೇ ಓಟಾನಿ ಜೊತೆಗಿದ್ದ ಆರು ಸೀಸನ್‌ಗಳಲ್ಲೂ ಅದು ಬದಲಾಗಲಿಲ್ಲ.

ಊಹೆ ತಪ್ಪುವುದಂತೂ ಸಾಮಾನ್ಯ. 1966ರಲ್ಲಿ ನ್ಯೂಯಾರ್ಕ್ ಮೆಟ್ಸ್ ಮುಂದೆ ದೊಡ್ಡ ತಾರೆಯಾದ ರೆಜಿ ಜಾಕ್ಸನ್‌ನನ್ನು ಬಿಟ್ಟು ಆರಿಸಿದ ಸ್ಟೀವ್ ಚಿಲ್ಕಾಟ್, 1991ರಲ್ಲಿ ಯಾಂಕೀಸ್ ಆರಿಸಿದ ಬ್ರಿಯನ್ ಟೇಲರ್, ಇಬ್ಬರೂ ಮೊದಲ ಆಯ್ಕೆಗಳು, ಇಬ್ಬರೂ ಮೇಜರ್ ಲೀಗ್ ಮೆಟ್ಟಿಲು ಹತ್ತಲಿಲ್ಲ. 2016ರಲ್ಲಿ ಹಾಲ್ ಆಫ್ ಫೇಮ್‌ಗೆ ಇಬ್ಬರು ಒಟ್ಟಿಗೆ ಸೇರಿದರು. ಒಬ್ಬ ಕೆನ್ ಗ್ರಿಫಿ ಜೂನಿಯರ್, ಅಲ್ಲಿಗೆ ಹೋದ ಮೊತ್ತಮೊದಲ ‘ಮೊದಲ ಆಯ್ಕೆ’. ಇನ್ನೊಬ್ಬ ಮೈಕ್ ಪಿಯಾಝಾ, 1988ರ 62ನೆಯ ಸುತ್ತಿನವನು.

ಶಾರ್ಟ್‌ಸ್ಟಾಪ್ ಅಕ್ಕ:

ಯಾರೂ ಎತ್ತದ ವಿಷಯ ಒಂದಿದೆ. ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾದ ಹುಡುಗರಿಗೆ ಡ್ರಾಫ್ಟ್ ಇಲ್ಲ. 16ಕ್ಕೆ ನೇರ ಸಹಿ. ಹುವಾನ್ ಸೋಟೊ ಹೀಗೆ 15 ಲಕ್ಷ ಡಾಲರ್‌ಗೆ ನ್ಯಾಷನಲ್ಸ್ ಸೇರಿದವನು, ಈಗ ಮೆಟ್ಸ್‌ನಲ್ಲಿ 76.5 ಕೋಟಿ ಡಾಲರ್‌ನ ಒಪ್ಪಂದ. ಹಾಗಾಗಿ ಡ್ರಾಫ್ಟ್ ಸರದಿ ಎಷ್ಟು ನ್ಯಾಯವಾಗಿದ್ದರೂ ಪ್ರತಿಭೆಯ ದೊಡ್ಡ ಪಾಲು ಅದರ ಹೊರಗಿನಿಂದಲೇ ಬರುತ್ತದೆ. ಅಲ್ಲೂ 2017ರಿಂದ ತಂಡಕ್ಕಿಷ್ಟೇ ಎಂದು ಗಟ್ಟಿ ಮಿತಿ ಹಾಕಿದ್ದಾರೆ. ಅದರಿಂದಲೇ ಓಟಾನಿ 23ರ ಪ್ರಾಯದಲ್ಲಿ ಜಪಾನ್ ಬಿಟ್ಟು ಬಂದಾಗ ಅವನಿಗೆ ಸಿಕ್ಕ ಬೋನಸ್ 23 ಲಕ್ಷ ಡಾಲರ್ ಚಿಲ್ಲರೆ.

2022ರಲ್ಲಿ ಅಂತರರಾಷ್ಟ್ರೀಯ ಡ್ರಾಫ್ಟ್ ತರಲು ಲೀಗ್ ಯತ್ನಿಸಿತು. ಆಟಗಾರರ ಸಂಘ ಜುಲೈನಲ್ಲಿ ಅದನ್ನು ತಿರಸ್ಕರಿಸಿತು. 1990ರ ಹೊತ್ತಿಗೆ ಡ್ರಾಫ್ಟ್‌ಗೆ ಸೇರಿದ ಪೋರ್ಟೊರಿಕೊದಲ್ಲಿ, ಊರಿನ ಹುಡುಗರನ್ನು ತಯಾರು ಮಾಡಲು ತಂಡಗಳಿಗಿದ್ದ ಆಸಕ್ತಿ ಬತ್ತಿಹೋಯಿತು ಎಂದು ಅಲ್ಲಿನವರು ಇಂದಿಗೂ ದೂರುತ್ತಾರೆ. ಬೆಳೆಸಿದವನಿಗೇ ಸಿಗುತ್ತಾನೆಂಬ ಖಾತ್ರಿ ಇಲ್ಲದ ಮೇಲೆ ಯಾರು ಬೆಳೆಸುತ್ತಾರೆ? ಡೊಮಿನಿಕನ್ ಕೋಚ್‌ಗಳ ಭಯವೂ ಇದೇ. ಆದರೆ ಈಗಿನ ವ್ಯವಸ್ಥೆಯೂ ಚಂದವಿಲ್ಲ, 12-13ರ ಮಕ್ಕಳೊಂದಿಗೆ ಬಾಯಿಮಾತಿನ ಒಪ್ಪಂದ ಆಗುತ್ತದೆ ಎಂಬುದು ಗುಟ್ಟೇನಲ್ಲ.

ಹ್ಯೂಸ್ಟನ್ ವಾಸಿ:

ಇನ್ನೊಂದು ತಮಾಷೆ. ಸಣ್ಣ ತಂಡಗಳಿಗೆಂದೇ ‘ಸ್ಪರ್ಧಾ ಸಮತೋಲನ’ ಆಯ್ಕೆಗಳಿವೆ, ಮಾರಲು ಬರುವ ಡ್ರಾಫ್ಟ್ ಆಯ್ಕೆಗಳು ಇವು ಮಾತ್ರ. 2015ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಪಿಚರ್ ರ್‍ಯಾನ್ ವೆಬ್‌ನ ಸಂಬಳದ ಹೊರೆ ಇಳಿಸಲು, ಅವನ ಜೊತೆಗೆ ಇಂಥ ಒಂದು ಆಯ್ಕೆಯನ್ನೂ ಸೇರಿಸಿ ಡಾಡ್ಜರ್ಸ್‌ಗೆ ಕೊಟ್ಟಿತು. ಡಾಡ್ಜರ್ಸ್ ವೆಬ್‌ನನ್ನು ಅಲ್ಲೇ ಕೈಬಿಟ್ಟು ಆಯ್ಕೆಯನ್ನು ಇಟ್ಟುಕೊಂಡಿತು. ಬಡವರಿಗೆಂದು ಮೀಸಲಿಟ್ಟದ್ದನ್ನು ಕೊಂಡವರು ಎಲ್ಲರಿಗಿಂತ ಶ್ರೀಮಂತರು.

ಲೆಕ್ಕಪತ್ರ:

ಕೊಟ್ಟವರನ್ನು ಬೈಯಿರಿ, ಕೊಂಡವರನ್ನಲ್ಲ. ಆ ಆಯ್ಕೆಯ ಬೆಲೆ ಓರಿಯೋಲ್ಸ್‌ಗೆ ಗೊತ್ತಿರಲಿಲ್ಲವೇ? ಡಾಡ್ಜರ್ಸ್‌ಗೂ ಶಿಕ್ಷೆ ಇದೆ. ದಾಟಿದರೆ ತೆರಿಗೆ ಬೀಳುವ ಒಟ್ಟು ಸಂಬಳದ ಮಿತಿಯನ್ನು 4 ಕೋಟಿ ಡಾಲರ್‌ಗಿಂತ ಹೆಚ್ಚು ಮೀರಿದ ತಂಡದ ಮೊದಲ ಆಯ್ಕೆ ಹತ್ತು ಸ್ಥಾನ ಕೆಳಗೆ ಇಳಿಯುತ್ತದೆ. 2024, 2025 ಎರಡೂ ವರ್ಷ ವರ್ಲ್ಡ್ ಸೀರೀಸ್ ಗೆದ್ದವರಿಗೆ ಆ ಹತ್ತು ಸ್ಥಾನ ಸೊಳ್ಳೆ ಕಚ್ಚಿದಷ್ಟೂ ಅಲ್ಲ.

ಗ್ಯಾಲರಿ ಗಿರಾಕಿ:

ಹಾಗಿದ್ದರೆ ಡ್ರಾಫ್ಟ್ ತೆಗೆದುಹಾಕಿದರೆ ಏನಾಗುತ್ತದೆ? ನೇರವಾಗಿ ಹೇಳಿ.

ಸ್ಕೋರ್‌ಬುಕ್:

ತೆಗೆಯಬಹುದು, ಥೈಲಿಯನ್ನು ಉಳಿಸಿಕೊಂಡು. ಸೋತ ತಂಡಗಳಿಗೆ ಹೆಚ್ಚು ಮೊತ್ತ, ಗೆದ್ದವರಿಗೆ ಕಡಿಮೆ, ಹುಡುಗ ತನಗೆ ಬೇಕಾದ ತಂಡವನ್ನು ಆರಿಸಿಕೊಳ್ಳಲಿ. ಮೊದಲ ಸರದಿ ಎಂಬ ಮಾಯಾಮೃಗ ಹೋಗುತ್ತದೆ, ತನ್ನ ಹುಡುಗರನ್ನು ಚೆನ್ನಾಗಿ ಬೆಳೆಸುವ ತಂಡಕ್ಕೆ ಸಣ್ಣ ಊರಾದರೂ ಬೇಡಿಕೆ ಬರುತ್ತದೆ. ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಆದರೆ ಮಾಲೀಕರು ಇದಕ್ಕೆ ಒಪ್ಪುವುದಿಲ್ಲ, ಒಬ್ಬ ಹುಡುಗನಿಗೆ ಇಬ್ಬರು ಗಿರಾಕಿಗಳು ಎಂದರೆ ಅವರಿಗೆ ಇಂದಿಗೂ 1964 ನೆನಪಾಗುತ್ತದೆ.

ಹಳೆ ಪುಟ:

ಒಪ್ಪಲಾರೆ. ಹುಡುಗ ಆರಿಸಿಕೊಳ್ಳುವಂತಾದರೆ ಪಾಲ್ ಸ್ಕೀನ್ಸ್ ಪಿಟ್ಸ್‌ಬರ್ಗ್‌ಗೆ ಹೋಗುತ್ತಿದ್ದನೇ? 2023ರ ಮೊದಲ ಆಯ್ಕೆ, 92 ಲಕ್ಷ ಡಾಲರ್ ಬೋನಸ್. ಡ್ರಾಫ್ಟ್ ಇಲ್ಲದಿದ್ದರೆ ಆ ಊರಿನ ಜನ ಅವನನ್ನು ಎದುರಾಳಿ ಸಮವಸ್ತ್ರದಲ್ಲಷ್ಟೇ ನೋಡುತ್ತಿದ್ದರು.

ಸ್ಕೋರ್‌ಬುಕ್:

ನೋಡಿದರು, ಸಂತೋಷ. 2025ರಲ್ಲಿ ಆತನ ಇಆರ್‌ಎ (ಪಿಚರ್ ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಡುವ ರನ್‌ಗಳ ಸರಾಸರಿ) 1.97, ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಸರ್ವಾನುಮತದಿಂದ ಬಂತು. ಆದರೆ ಅವನ ಖಾತೆಯಲ್ಲಿ 10 ಗೆಲುವು, 10 ಸೋಲು, ಏಕೆಂದರೆ ಅವನ ತಂಡ ರನ್ ಹೊಡೆಯುವುದಿಲ್ಲ. ಪೈರೇಟ್ಸ್ ಒಟ್ಟು 91 ಪಂದ್ಯ ಸೋತಿತು. ಹಿಟ್ಟರ್‌ಗಳನ್ನು ಕೊಳ್ಳಲು ಯಾವ ಡ್ರಾಫ್ಟ್ ನಿಯಮವೂ ಮಾಲೀಕರ ಜೇಬಿಗೆ ಕೈ ಹಾಕುವುದಿಲ್ಲ.

ಹ್ಯೂಸ್ಟನ್ ವಾಸಿ:

ಸ್ಕೀನ್ಸ್ ಫ್ರೀ ಏಜೆಂಟ್ ಆಗುವುದು ಯಾವಾಗ?

ಲೆಕ್ಕಪತ್ರ:

2029ರ ಸೀಸನ್ ಮುಗಿದ ಮೇಲೆ. 2024ರ ಮೇ ತಿಂಗಳಲ್ಲಿ ತಡವಾಗಿ ಕರೆದರೂ, ಆ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದದ್ದರಿಂದ ಹೊಸ ನಿಯಮದ ಪ್ರಕಾರ ಅವನಿಗೆ ಪೂರ್ಣ ವರ್ಷದ ಸೇವೆ ಸಿಕ್ಕಿತು. ಬ್ರಯಾಂಟ್‌ಗೆ ಸಿಗದದ್ದು ಇವನಿಗೆ ಸಿಕ್ಕಿದೆ.